ಬೇರೆಯವರ ಹಾಡು ಹಾಡಿದ್ದಕ್ಕೂ ಪ್ರಶಸ್ತಿನಾ?

ಅಮೆರಿಕದ ಗಾಯಕಿ, ಪಿಟೀಲು ವಾದಕಿ ಅಲಿಸನ್ ಕ್ರೌಸ್ ಬಗ್ಗೆ ನಾನು ಮಾತು ತೆಗೆದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಆಕೆ ಸ್ವಂತ ಹಾಡು ಬರೆಯೋದು ತೀರಾ ಕಡಿಮೆಯಂತೆ. ಬೇರೆಯವರದ್ದು ಹಾಡಿ ಅಷ್ಟೊಂದು ಗ್ರ್ಯಾಮಿ ಹೊಡೆದಿದ್ದಾರಲ್ಲ, ಅದರಲ್ಲೇನು ದೊಡ್ಡಸ್ತಿಕೆ?" ಅವರ 'ವಿಂಡಿ ಸಿಟಿ' ಆಲ್ಬಂ ಕೇಳಿಸಿದರಂತೂ ಪ್ರಶ್ನೆ ಇನ್ನೂ ಜೋರಾಗುತ್ತದೆ. 2017ರಲ್ಲಿ ಬಂದ ಆಲ್ಬಂ ಅದು. ಹತ್ತು ಹಾಡು. ಹತ್ತನ್ನೂ ಮೊದಲೇ ಬೇರೆ ಯಾರೋ ಹಾಡಿದ್ದಾರೆ. ಅದರಲ್ಲಿ ಎರಡು 2018ರ ಗ್ರ್ಯಾಮಿಗೆ ನಾಮಿನೇಟ್ ಆದವು.

ಮೊದಲು ಸುಲಭದ ಉತ್ತರ ಕೊಟ್ಟುಬಿಡುತ್ತೇನೆ. ಗ್ರ್ಯಾಮಿಯಲ್ಲಿ ಹಾಡು ಬರೆದವರಿಗೆ ಬೇರೆ ಪ್ರಶಸ್ತಿ ಇದೆ, ಹಾಡಿದವರಿಗೆ ಬೇರೆ. 'ಲೂಸಿಂಗ್ ಯೂ' ಇದ್ದದ್ದು ಕಂಟ್ರಿ ಸೋಲೋ ಪರ್ಫಾರ್ಮೆನ್ಸ್ ವಿಭಾಗದಲ್ಲಿ, 'ಐ ನೆವರ್ ಕೇರ್ಡ್ ಫಾರ್ ಯೂ' ಅಮೆರಿಕನ್ ರೂಟ್ಸ್ ಪರ್ಫಾರ್ಮೆನ್ಸ್ ವಿಭಾಗದಲ್ಲಿ. ಎರಡರಲ್ಲೂ ತೂಗುವುದು ಹಾಡುಗಾರಿಕೆಯನ್ನೇ. ಎರಡೂ ಗೆಲ್ಲಲಿಲ್ಲ, ಆ ಮಾತು ಬೇರೆ. ತಮಾಷೆ ಏನು ಗೊತ್ತಾ? ರೂಟ್ಸ್ ವಿಭಾಗದಲ್ಲಿ ಅಲಬಾಮಾ ಶೇಕ್ಸ್ ತಂಡಕ್ಕೆ ಗೆಲುವು ತಂದ ಹಾಡೂ ಮೆಂಫಿಸ್ ಮಿನ್ನಿ ಅನ್ನುವ ಗಾಯಕಿಯ ಹಳೇ ಬ್ಲೂಸ್, ಅಂದರೆ ಅದೂ ಬೇರೆಯವರದ್ದೇ!

ಇನ್ನು ಬರೆದವರಿಗೆ ಮೋಸ ಆಗುತ್ತದಾ? ಅದೂ ಇಲ್ಲ. ಒಮ್ಮೆ ಬಿಡುಗಡೆಯಾದ ಹಾಡನ್ನು ಅಮೆರಿಕದಲ್ಲಿ ಯಾರು ಬೇಕಾದರೂ ರೆಕಾರ್ಡ್ ಮಾಡಬಹುದು, ಕಾನೂನು ಗೊತ್ತು ಮಾಡಿದ ದುಡ್ಡು ಕಟ್ಟಬೇಕು ಅಷ್ಟೇ. 2017ರಲ್ಲಿ ಮಾರಾಟವಾದ ಒಂದೊಂದು ಪ್ರತಿಗೂ ಹಾಡೊಂದಕ್ಕೆ 9.1 ಸೆಂಟ್ ಇತ್ತು, ಆಗಿನ ಲೆಕ್ಕದಲ್ಲಿ ಸುಮಾರು 6 ರೂಪಾಯಿ.

ಆದರೆ ಕೇಳುವವರಿಗೆ ಬೇಕಾಗಿರುವುದು ಈ ಲೆಕ್ಕಾಚಾರ ಅಲ್ಲ ಅಂತ ನನಗೂ ಗೊತ್ತು. 'ಸ್ವಂತದ್ದು' ಏನಿದೆ ಅನ್ನುವುದು ಅವರ ತಕರಾರು. ಪುರಂದರದಾಸರ ಪದ ಹಾಡಿದ ಭೀಮಸೇನ ಜೋಶಿಯವರನ್ನು ನಾವು ಯಾರೂ ಹೀಗೆ ಕೇಳಲಿಲ್ಲ, ಅಲ್ವಾ? ಹಾಗಂತ ಎರಡೂ ಒಂದೇ ಅಲ್ಲ. ದಾಸರ ದನಿಯನ್ನು ಕೇಳಿದವರು ಯಾರೂ ಉಳಿದಿಲ್ಲ. ಬ್ರೆಂಡಾ ಲೀ 1963ರಲ್ಲಿ ಹಾಡಿದ 'ಲೂಸಿಂಗ್ ಯೂ' ಮಾತ್ರ ಫೋನಿನಲ್ಲಿ ಒಂದು ಸಲ ಒತ್ತಿದರೆ ಸಿಗುತ್ತದೆ. ಹೋಲಿಸಿ ನೋಡುವವರು ಬಾಗಿಲಲ್ಲೇ ನಿಂತಿರುತ್ತಾರೆ. ನನ್ನ ಪ್ರಕಾರ ಕವರ್, ಅಂದರೆ ಬೇರೆಯವರು ಆಗಲೇ ಹಾಡಿದ್ದನ್ನು, ಹಾಡುವುದು ಅದಕ್ಕೇ ಜಾಸ್ತಿ ಕಷ್ಟ.

ಅಷ್ಟಕ್ಕೂ ಆ 'ಲೂಸಿಂಗ್ ಯೂ' ಬ್ರೆಂಡಾ ಲೀಯವರದ್ದಾ? ರಾಗ ಫ್ರಾನ್ಸಿನ ಜ್ಯಾಂ ರೆನಾರ್ ಅವರದ್ದು, ಇಂಗ್ಲಿಷ್ ಸಾಲುಗಳು ಕಾರ್ಲ್ ಸಿಗ್ಮನ್ ಅವರವು. ಇದೇ ಆಲ್ಬಂನಲ್ಲಿರುವ 'ಆಲ್ ಅಲೋನ್ ಆಮ್ ಐ' ಕೂಡ ಬ್ರೆಂಡಾ ಲೀ 1962ರಲ್ಲಿ ಗೆಲ್ಲಿಸಿದ ಹಾಡು. ಅದರ ರಾಗ ಗ್ರೀಸಿನ ಮಾನೋಸ್ ಹಾಜಿದಾಕಿಸ್ ಅವರದ್ದು. 'ಒರಿಜಿನಲ್' ಹುಡುಕಿಕೊಂಡು ಹೊರಟರೆ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್ ದಾಟಿ ಅಥೆನ್ಸ್ ತನಕ ಹೋಗಬೇಕಾಗುತ್ತದೆ.

ಕ್ರೌಸ್ ಬೆಳೆದ ಬ್ಲೂಗ್ರಾಸ್ ಲೋಕದಲ್ಲಂತೂ ಈ ಪ್ರಶ್ನೆಯೇ ವಿಚಿತ್ರ. 1940ರ ದಶಕದಲ್ಲಿ ಬಿಲ್ ಮನ್ರೋ ಕಟ್ಟಿದ ಈ ಸಂಗೀತದಲ್ಲಿ ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು ಹಿಡಿದು ಸೇರಿದವರು ಮೊದಲು ನುಡಿಸುವುದೇ ಎಲ್ಲರಿಗೂ ಗೊತ್ತಿರುವ ಹಳೇ ಹಾಡು. ಗೊತ್ತಿರುವುದನ್ನೇ ನೀನು ಹೇಗೆ ನುಡಿಸುತ್ತೀಯ ಅನ್ನುವುದರ ಮೇಲೆ ನಿನ್ನ ಬೆಲೆ. ಇಲಿನಾಯ್‌ನ ಶಾಂಪೇನ್ ಊರಿನಲ್ಲಿ ಬೆಳೆದ ಕ್ರೌಸ್ ಚಿಕ್ಕ ವಯಸ್ಸಿನಿಂದ ಪಿಟೀಲು ಸ್ಪರ್ಧೆಗಳಲ್ಲಿ ಪಳಗಿದವರು. 1995ರಲ್ಲಿ ಅವರ ಹೆಸರು ಮನೆಮನೆಗೆ ಮುಟ್ಟಿದ್ದು ಕೀತ್ ವಿಟ್ಲಿಯ 'ವೆನ್ ಯೂ ಸೇ ನಥಿಂಗ್ ಅಟ್ ಆಲ್' ಹಾಡಿನಿಂದ. ಅದೂ ಕವರ್ರೇ.

'ವಿಂಡಿ ಸಿಟಿ'ಗೆ ಬಂದರೆ, ತನಗಿಂತ ವಯಸ್ಸಾದ ಹಾಡುಗಳೇ ಬೇಕು ಅಂತ ನಿರ್ಮಾಪಕ ಬಡ್ಡಿ ಕ್ಯಾನನ್‌ಗೆ ಕ್ರೌಸ್ ಹೇಳಿದ್ದರು. ಕ್ರೌಸ್ ಹುಟ್ಟಿದ್ದು 1971ರಲ್ಲಿ. (ಲೆಕ್ಕ ಪೂರ್ತಿ ಸರಿ ಹೋಗಲಿಲ್ಲ. 'ರಿವರ್ ಇನ್ ದಿ ರೇನ್' 1985ರ ಬ್ರಾಡ್‌ವೇ ನಾಟಕ 'ಬಿಗ್ ರಿವರ್'ನದ್ದು. ಚೆನ್ನಾಗಿದೆ, ಬಿಡಿ.) ಆ ನಡುವೆ ಕ್ರೌಸ್‌ಗೆ ಡಿಸ್ಫೋನಿಯಾ ಅನ್ನುವ ತೊಂದರೆ ಕಾಡಿತ್ತು, ಹಾಡಲು ಹೋದರೆ ಗಂಟಲು ಬಿಗಿದುಕೊಳ್ಳುವಂಥದ್ದು. ಅದನ್ನು ದಾಟಿ ಬಂದ ದನಿ ಇದು.

'ಐ ನೆವರ್ ಕೇರ್ಡ್ ಫಾರ್ ಯೂ' ಅನ್ನೇ ತೆಗೆದುಕೊಳ್ಳಿ. ವಿಲ್ಲಿ ನೆಲ್ಸನ್ 1964ರಲ್ಲಿ ಹಾಡಿದ್ದು. ಸತ್ಯ ಹೇಳಿದಾಗ ನಂಬದ ಪ್ರೇಮಿಗೆ ಇನ್ನು ಸುಳ್ಳೇ ಹೇಳುತ್ತೇನೆ ಅಂತ ಹಟಕ್ಕೆ ಬಿದ್ದವರ ಹಾಡು. ಸೂರ್ಯನ ತುಂಬ ಮಂಜುಗಡ್ಡೆ ಅನ್ನುತ್ತದೆ, ಆಕಾಶ ನೀಲಿಯಾಗಿರಲೇ ಇಲ್ಲ ಅನ್ನುತ್ತದೆ, ಅದೇ ಉಸಿರಿನಲ್ಲಿ ನಿನ್ನ ಮೇಲೆ ನನಗೆ ಪ್ರೀತಿಯೂ ಇರಲಿಲ್ಲ ಅನ್ನುತ್ತದೆ. ನೆಲ್ಸನ್ ದನಿಯಲ್ಲಿ ಅದು ಚುಚ್ಚುಮಾತು. ಕ್ರೌಸ್ ಹಾಡಿದಾಗ ಜಗಳಾಡಿ ಸುಸ್ತಾದವರ ಮಾತು. ಸಾಲು ಅವೇ, ಹೇಳುತ್ತಿರುವ ಮನುಷ್ಯರು ಬೇರೆ. ಇಷ್ಟನ್ನು ಮಾಡಲು ಹೊಸ ಹಾಡು ಬರೆಯಲೇಬೇಕಾ?

'ಲೂಸಿಂಗ್ ಯೂ'ನಲ್ಲೂ ಅಷ್ಟೇ. ಬ್ರೆಂಡಾ ಲೀ ಆಗ ಹದಿನೆಂಟರ ಹುಡುಗಿ, ಎಂಥಾ ಕಂಠ! ಎದೆ ತುಂಬಿ ಹಾಡುತ್ತಾರೆ. ಬಿಟ್ಟು ಹೋಗಬೇಡ ಅನ್ನುವ ಬೇಡಿಕೆ ಅದು. ಕ್ರೌಸ್ ದನಿಯಲ್ಲಿ ಆ ಜಗ್ಗಾಟ ಇಲ್ಲ. ಹೋಗುವುದು ಖಾತ್ರಿ ಅಂತ ಅವರಿಗೆ ಮೊದಲೇ ಗೊತ್ತಿದ್ದಂತೆ ಕೇಳಿಸುತ್ತದೆ.

ಹತ್ತೂ ಹೀಗೇ ಗೆದ್ದಿವೆ ಅಂತ ನಾನು ಹೇಳುವುದಿಲ್ಲ. 'ಜೆಂಟಲ್ ಆನ್ ಮೈ ಮೈಂಡ್' ನನಗೆ ಹಿಡಿಸಲಿಲ್ಲ. 1967ರಲ್ಲಿ ಜಾನ್ ಹಾರ್ಟ್‌ಫರ್ಡ್ ಬರೆದು ಹಾಡಿದ್ದು, ಗ್ಲೆನ್ ಕ್ಯಾಂಪ್‌ಬೆಲ್ ಅದೇ ವರ್ಷ ಹಾಡಿ ಊರಿಗೆಲ್ಲ ಹಬ್ಬಿಸಿದ್ದು. ಅಲೆಮಾರಿಯೊಬ್ಬ ನಿಲ್ಲದೆ ನಡೆಯುತ್ತ ಮಾತಾಡುವ ಹಾಗೆ ಅದರಲ್ಲಿ ಪದಗಳು ಒಂದರ ಹಿಂದೆ ಒಂದು ಬರುತ್ತವೆ. ಕ್ರೌಸ್ ಕೈಯಲ್ಲಿ ಅದು ತುಂಬ ನಯವಾಗಿಬಿಟ್ಟಿದೆ, ಕಾಲಿಗೆ ಧೂಳೇ ಹತ್ತುವುದಿಲ್ಲ. ಆ ಹಾಡು ಬೇಕೆನಿಸಿದಾಗ ನಾನು ಹಾರ್ಟ್‌ಫರ್ಡ್ ಹತ್ತಿರವೇ ಹೋಗುತ್ತೇನೆ. 'ಲೂಸಿಂಗ್ ಯೂ' ಬೇಕೆನಿಸಿದಾಗ ಬ್ರೆಂಡಾ ಲೀ ಹತ್ತಿರ ಹೋಗುವುದು ಮಾತ್ರ ನಿಂತೇ ಹೋಗಿದೆ.