ಕ್ಯೂಪರ್ಟಿನೋದ ಖಾಲಿ ಜಾಗ

ಯೊಸೆಮಿಟಿ ಚೆನ್ನಾಗಿತ್ತು. ಗೋಲ್ಡನ್ ಗೇಟ್ ಸೇತುವೆ ಮಂಜಿನಲ್ಲಿ ಕಾಣಲೇ ಇಲ್ಲ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ ಬಿಡಿ. 2023ರ ಬೇಸಿಗೆಯಲ್ಲಿ ಅಕ್ಕನ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದವಳ ತಲೆ ತಿಂದಿದ್ದು ಕ್ಯೂಪರ್ಟಿನೋದ ಒಂದು ಖಾಲಿ ಜಾಗ.

ವುಲ್ಫ್ ರೋಡಿನ ಪಕ್ಕ ಬೇಲಿ ಹಾಕಿದ ದೊಡ್ಡ ಬಯಲು ಅದು. 280 ಹೆದ್ದಾರಿಯ ಆಚೆಗೆ ಆಪಲ್ ಕಂಪನಿಯ ದುಂಡನೆಯ ಕಟ್ಟಡ. ಸುತ್ತಮುತ್ತ ಒಂದೇ ಅಂತಸ್ತಿನ ಹಳೇ ಮನೆಗಳು. ನೋಡೋಕೆ ಏನೂ ವಿಶೇಷ ಇಲ್ಲ, ಬೆಲೆ ಮಾತ್ರ 20 ಲಕ್ಷ ಡಾಲರಿಗೂ ಜಾಸ್ತಿ. ಇಷ್ಟು ದುಬಾರಿ ಊರಿನ ನಡುವೆ ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ ಅಂತ ಕೇಳಿದೆ. ಭಾವ ನಕ್ಕರು. ಅಕ್ಕನ ಮಗಳು ನಗಲಿಲ್ಲ.

ಅಲ್ಲಿ 1976ರಲ್ಲಿ ಶುರುವಾದ ವಾಲ್ಕೋ ಅನ್ನೋ ಮಾಲ್ ಇತ್ತಂತೆ. ವ್ಯಾಪಾರ ಬಿದ್ದುಹೋಯಿತು. ಆ ಜಾಗದಲ್ಲಿ ಏನು ಕಟ್ಟಬೇಕು ಅಂತ ಊರಿನವರು ವರ್ಷಗಟ್ಟಲೆ ಜಗಳವಾಡಿದರು. 2017ರಲ್ಲಿ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೂತ ರಾಜ್ಯ ಸರ್ಕಾರ ಎಸ್‌ಬಿ 35 ಅನ್ನೋ ಕಾನೂನು ತಂದಿತು. ಮನೆ ಕಟ್ಟೋದರಲ್ಲಿ ಹಿಂದೆ ಬಿದ್ದ ಊರುಗಳಲ್ಲಿ, ನಿಯಮಕ್ಕೆ ಹೊಂದುವ ಯೋಜನೆಗೆ ನಗರಸಭೆ ಅಡ್ಡ ಬರುವ ಹಾಗಿಲ್ಲ ಅನ್ನೋದು ಅದರ ಸಾರ. ಬಿಲ್ಡರ್ ಅದನ್ನೇ ಹಿಡಿದು 2,402 ಮನೆಗಳಿಗೆ ಅರ್ಜಿ ಹಾಕಿದ. ಅರ್ಧದಷ್ಟು ಮನೆ ಕಡಿಮೆ ಆದಾಯದವರಿಗೆ. 2018ರಲ್ಲಿ ಒಪ್ಪಿಗೆ ಸಿಕ್ಕಿತು, ಮಾಲ್ ಕೆಡವೋದೂ ಶುರುವಾಯಿತು. ಊರಿನ ಕೆಲವರು ಕೋರ್ಟಿಗೆ ಹೋದರು. 2020ರಲ್ಲಿ ಅವರಿಗೆ ಸೋಲಾಯಿತು. ನಾನು ನೋಡುವಾಗಲೂ ಅಲ್ಲಿ ಬೇಲಿಯೇ ಇತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗಳಿಗೆ ಹತ್ತಿಕೊಂಡಿತು.

"ನೋಡಮ್ಮ, ನಾವು ಶಾಲೆ ನೋಡಿ ಈ ಊರಿಗೆ ಬಂದ್ವಿ. ಸಾಲ ತೀರಿಸೋಕೆ ನಮ್ಮ ವಯಸ್ಸೆಲ್ಲ ಹೋಯ್ತು. ನಮ್ಮ ಬೀದಿಯಲ್ಲಿ ಏನು ಕಟ್ಟಬೇಕು ಅಂತ ಸ್ಯಾಕ್ರಮೆಂಟೊದಲ್ಲಿ ಕೂತವರು ಯಾಕೆ ಹೇಳಬೇಕು?" ಅಂದರು ಭಾವ ನನ್ನ ಕಡೆ ತಿರುಗಿ.

"ಚಿಕ್ಕಮ್ಮ, ಅಪ್ಪ ಟ್ಯಾಕ್ಸ್ ಎಷ್ಟು ಕಟ್ತಾರೆ ಕೇಳಿ" ಅಂದಳು ಅವಳು. 1978ರಲ್ಲಿ ಜನ ಓಟು ಹಾಕಿ ತಂದ ಪ್ರೊಪೊಸಿಷನ್ 13ರ ಪ್ರಕಾರ ಆಸ್ತಿ ತೆರಿಗೆ ನಿಲ್ಲೋದು ಕೊಂಡ ಬೆಲೆಯ ಮೇಲೆ. ತೆರಿಗೆ ಲೆಕ್ಕದ ಆ ಬೆಲೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಏರೋ ಹಾಗಿಲ್ಲ. ಹಾಗಾಗಿ ಭಾವನ ತೆರಿಗೆ ಒಂದು ಥರ, ಮೊನ್ನೆ ಪಕ್ಕದ ಮನೆ ಕೊಂಡವರದು ಅದರ ಎಷ್ಟೋ ಪಟ್ಟು. ಅವಳಿಗೆ ಒಳ್ಳೇ ಕೆಲಸ ಇದೆ, ಆದರೂ ಹುಟ್ಟಿದ ಊರಲ್ಲಿ ಮನೆ ಕೊಳ್ಳೋಕೆ ಆಗಲ್ಲ.

"ಹಿತ್ತಲಲ್ಲಿ ನಿನಗೇ ಅಂತ ಚಿಕ್ಕ ಮನೆ ಕಟ್ಟಿಸ್ತಾ ಇದೀನಲ್ಲ?"

"ಅದಕ್ಕೆ 60 ದಿನದಲ್ಲಿ ಪರ್ಮಿಟ್ ಕೊಡಲೇಬೇಕು ಅಂದಿದ್ದು ಯಾರು? ನಿಮ್ಮ ಸ್ಯಾಕ್ರಮೆಂಟೊದವರೇ ಅಪ್ಪಾ."

ಅಕ್ಕ ಎದ್ದು ಮೊಸರು ತಂದಳು.

ನನಗೆ ಭಾವನ ಮೇಲೆ ಸಿಟ್ಟು ಬರಲಿಲ್ಲ. ಜೀವಮಾನದ ಗಳಿಕೆಯೆಲ್ಲ ಒಂದು ಮನೆಯಲ್ಲಿದ್ದರೆ ಯಾರಿಗೂ ಭಯ ಇರುತ್ತೆ. ನಮ್ಮ ಬೆಂಗಳೂರಲ್ಲೂ ಆಗ ಮಾಸ್ಟರ್ ಪ್ಲಾನ್ ಮಾಡ್ತಾ ಇದ್ದದ್ದು ರಾಜ್ಯ ಸರ್ಕಾರದ ಕೈಕೆಳಗಿನ ಬಿಡಿಎ. ಅದು ಎಷ್ಟು ಚೆನ್ನಾಗಿ ನಡೆದಿದೆ ಅಂತ ಸೆಟ್‌ಬ್ಯಾಕ್ ಇಲ್ಲದ ಬೀದಿಗಳನ್ನು ಕೇಳಿ! ಆದರೂ ನಾನು ಹುಡುಗಿಯ ಕಡೆಗೇ. ಊರಿಗೆ ಇನ್ನೂ ಬರದವರಿಗೆ ಆ ಊರಲ್ಲಿ ಓಟಿಲ್ಲ. ಆಗಲೇ ಮನೆ ಇದ್ದವರೇ ಕೂತು ಬೇಡ ಅಂದರೆ, ಬೇಕು ಅನ್ನೋಕೆ ಯಾರಿದ್ದಾರೆ?

ವುಡ್‌ಸೈಡ್ ಅನ್ನೋ ಶ್ರೀಮಂತರ ಊರಿನ ಕಥೆ ಅವಳು ಕಾರಲ್ಲಿ ಹೋಗುವಾಗ ಹೇಳಿದಳು. ಒಂದೇ ಮನೆ ಇರೋ ಸೈಟನ್ನು ಪಾಲು ಮಾಡಿ ನಾಲ್ಕು ಮನೆವರೆಗೆ ಕಟ್ಟಬಹುದು ಅಂತ ಎಸ್‌ಬಿ 9 ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂತು. ನಮ್ಮ ಇಡೀ ಊರೇ ಬೆಟ್ಟದ ಸಿಂಹಗಳು (ಪ್ಯೂಮಾಗಳು) ಓಡಾಡೋ ಜಾಗ, ಇಲ್ಲಿ ಈ ಕಾನೂನು ನಡೆಯಲ್ಲ ಅಂದಿತು ವುಡ್‌ಸೈಡ್. ರಾಜ್ಯದ ಅಟಾರ್ನಿ ಜನರಲ್ ರಾಬ್ ಬಾಂಟಾ ಪತ್ರ ಬರೆದ ಮೇಲೆ ಮಾತು ವಾಪಸ್ ತಗೊಂಡಿತು. ದೊಡ್ಡ ಬಂಗಲೆ ಕಟ್ಟುವಾಗ ಸಿಂಹಕ್ಕೆ ತೊಂದರೆ ಇರಲಿಲ್ಲ ನೋಡಿ.

ನಮ್ಮ ಹುಚ್ಚಿಗೆ ಪಕ್ಕದೂರಿನ ನಗರಸಭೆಯ ಮೀಟಿಂಗಿಗೂ ಹೋದೆವು. ಯಾರು ಬೇಕಾದರೂ ಹೋಗಬಹುದು. ಒಂದು ಮಾತು ಹೇಳ್ತೀನಿ: ಊಟ ಮುಗಿಸಿ, ಸ್ವೆಟರ್ ಹಾಕಿಕೊಂಡೇ ಹೋಗಿ. ಮನೆಗಳ ವಿಷಯ ಪಟ್ಟಿಯಲ್ಲಿ ಮೇಲಿತ್ತು, ಚರ್ಚೆಗೆ ಬಂದಿದ್ದು ರಾತ್ರಿ ಹತ್ತೂವರೆಗೆ. ಅದಕ್ಕೂ ಮೊದಲು ಸನ್ಮಾನ, ಫೋಟೊ, ಮರಗಳ ವರದಿ. ಹೊರಗಿನ ತಿಂಡಿ ಯಂತ್ರ ನನ್ನ ಎರಡು ಡಾಲರ್ ನುಂಗಿ ಸುಮ್ಮನಾಯಿತು. ಅದನ್ನು ನಾನು ಇನ್ನೂ ಮರೆತಿಲ್ಲ.

ಆ ವರ್ಷದ ವಿಷಯ ಇದು: ಎಂಟು ವರ್ಷಕ್ಕೊಮ್ಮೆ ಪ್ರತಿ ಊರೂ ತನ್ನ ಪಾಲಿಗೆ ಬಂದಷ್ಟು ಹೊಸ ಮನೆಗಳಿಗೆ ಜಾಗ ತೋರಿಸಬೇಕು. ಕ್ಯೂಪರ್ಟಿನೋ ಪಾಲಿಗೆ 4,588 ಬಂದಿತ್ತು. ಗಡುವು ಜನವರಿ 31ಕ್ಕೇ ಮುಗಿದಿತ್ತು. ಗಡುವು ತಪ್ಪಿಸಿದ ಊರಲ್ಲಿ, ಐದರಲ್ಲೊಂದು ಮನೆಯನ್ನು ಕಡಿಮೆ ಆದಾಯದವರಿಗೆ ಇಡೋ ಬಿಲ್ಡರ್‌ಗೆ ಆಗ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ತೋರಿಸಿ ಇಲ್ಲ ಅನ್ನೋ ಹಾಗಿರಲಿಲ್ಲ. ಇದನ್ನು ಬಿಲ್ಡರ್ಸ್ ರೆಮಿಡಿ ಅಂತಾರೆ. ಆ ಹೆಸರು ಕೇಳಿದರೆ ಸಾಕು, ಸಭೆಯಲ್ಲಿ ಗದ್ದಲ.

ಒಬ್ಬೊಬ್ಬರೂ ಎದ್ದು ಬಂದು ನೆರಳು, ಟ್ರಾಫಿಕ್, ಊರಿನ ಚಹರೆ ಅಂದರು. ಮಾತಾಡಿದವರಲ್ಲಿ ಹೆಚ್ಚಿನವರಿಗೆ ತಲೆ ನರೆತಿತ್ತು. ಕನ್ನಡದವರ ಥರ ಕಂಡ ಒಬ್ಬ ಅಜ್ಜಿ ಮಾತ್ರ, ನನ್ನ ಮೊಮ್ಮಗಳ ಟೀಚರ್ ದೂರದ ಟ್ರೇಸಿ ಅನ್ನೋ ಊರಿಂದ ಕಾರು ಓಡಿಸಿಕೊಂಡು ಬರ್ತಾಳೆ, ಅವಳಿಗೆ ಇಲ್ಲಿ ಮನೆ ಬೇಡವೇ ಅಂತ ಕೇಳಿದರು. ಆ ಟೀಚರ್ ಬಂದಿರಲಿಲ್ಲ. ಬೆಳಗ್ಗೆ ಐದಕ್ಕೆ ಹೊರಡೋಳು ರಾತ್ರಿ ಹನ್ನೊಂದಕ್ಕೆ ಮೀಟಿಂಗಿಗೆ ಹೇಗೆ ಬರ್ತಾಳೆ?

ಹನ್ನೆರಡು ದಾಟಿದ ಮೇಲೆ ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿದರು. ಸರಿ, ಇನ್ನೊಂದು ಸಲ ಚರ್ಚೆ ಆಗುತ್ತಲ್ಲ ಅಂದೆ.

"ಬೇಡ ಅನ್ನೋರಿಗೆ ಇಷ್ಟೇ ಸಾಕು ಚಿಕ್ಕಮ್ಮ" ಅಂದಳು ಅವಳು. "ಪ್ರತಿ ತಿಂಗಳು ಬಡ್ಡಿ ಕಟ್ಟೋನು ಬಿಲ್ಡರ್. ಅವರಿಗೇನು ಖರ್ಚು?"