ಅವನ 64, ನನ್ನ 56

ಅಣ್ಣನ ಮಗ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನ ಅವರ ಮನೆಯಲ್ಲಿ 100 ಎಂಬಿಪಿಎಸ್ ಫೈಬರ್. ಇಲ್ಲಿ ಮೊಬೈಲ್ ಡೇಟಾ ಬಿಟ್ಟರೆ ಬೇರೆ ಗತಿಯಿಲ್ಲ, ಅದೂ ದಿನಕ್ಕೆ ಒಂದೂವರೆ ಜಿಬಿ. ಊಟದ ಹೊತ್ತಿಗೇ ಅಷ್ಟನ್ನೂ ಮುಗಿಸಿದ್ದ. ಇನ್ನು ಮೇಲೆ ವೇಗ 64 ಕೆಬಿಪಿಎಸ್ ಅಂತ ಮೆಸೇಜು ಬಂತು.

“ಚಿಕ್ಕಪ್ಪ, ಸೆಕೆಂಡಿಗೆ 64 ಕೆಬಿ ಅಂದ್ರೆ 300 ಕೆಬಿ ಫೋಟೋ ಐದು ಸೆಕೆಂಡಲ್ಲಿ ಬರ್ಬೇಕಲ್ವಾ? ಇದು ಸುಮ್ನೆ ಸುತ್ತುತ್ತಾನೇ ಇದೆ,” ಅಂದ.

ನನಗೆ ನಗು ಬಂತು. 2001ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಫೋನ್ ಲೈನಿನಿಂದ ಇಂಟರ್ನೆಟ್ ತರುತ್ತಿದ್ದ ನನ್ನ ಮೋಡೆಮ್ ಡಬ್ಬಿಯ ಮೇಲೆ 56ಕೆ ಅಂತ ದೊಡ್ಡದಾಗಿ ಬರೆದಿತ್ತು. ಇವನು ಬೈಯುತ್ತಿರುವ ವೇಗ ನಾನು ದುಡ್ಡು ಕೊಟ್ಟು ತಂದಿದ್ದಕ್ಕಿಂತ ಜಾಸ್ತಿ!

ಮೊದಲು ಬಿಟ್ಟು, ಬೈಟಿನ ಗೊಂದಲ ಬಿಡಿಸಿದೆ. ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಫೈಲನ್ನು ಬೈಟಿನಲ್ಲಿ ಅಳೆಯುತ್ತಾರೆ. ಎಂಟು ಬಿಟ್ಟಿಗೆ ಒಂದು ಬೈಟು. ಹಾಗಾಗಿ 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕಿಲೋಬೈಟು. ಅವನ ಫೋಟೋಗೆ ಐದು ಸೆಕೆಂಡಲ್ಲ, ಎಲ್ಲ ಸರಿಯಿದ್ದರೂ ಮೂವತ್ತೇಳು ಸೆಕೆಂಡು ಬೇಕು. ಜೊತೆಗೆ ಹಿಂದೆ ಕೂತು ಡೇಟಾ ತಿನ್ನುವ ಆ್ಯಪ್‌ಗಳು ಬೇರೆ.

“56 ಅಂತ ಯಾಕಿತ್ತು? ರೌಂಡ್ ಫಿಗರ್ ಅಲ್ವಲ್ಲ?” ಅಂದ. ಒಳ್ಳೇ ಪ್ರಶ್ನೆ. ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜು ನಮ್ಮ ಮಾತನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಗೆ 8 ಬಿಟ್ಟು. ಗುಣಿಸಿದರೆ 64,000. ಒಂದು ಫೋನ್ ಕರೆಗೆ ಎಕ್ಸ್‌ಚೇಂಜಿನೊಳಗೆ ಸಿಗುವ ಜಾಗ ಅಷ್ಟೇ. ಮೋಡೆಮ್‌ಗೆ ಆ ಎಂಟರಲ್ಲಿ ಏಳು ಬಿಟ್ಟು ನೆಚ್ಚಿಕೊಳ್ಳಬಹುದಿತ್ತು, ಅದಕ್ಕೇ 56,000. ಅದೂ ನಮ್ಮ ಕಡೆ ಇಳಿಯುವ ಡೇಟಾಗೆ ಮಾತ್ರ. ನಾವು ಕಳಿಸುವುದು 33.6 ಕೆಬಿಪಿಎಸ್ ದಾಟುತ್ತಿರಲಿಲ್ಲ. 1998ರ ವಿ.90 ಎಂಬ ಮಾನದಂಡದ ಮೋಡೆಮ್‌ಗಳ ಕಥೆ ಇಷ್ಟು.

ಮಾತು ಬಂದಿದ್ದಕ್ಕೆ ನನ್ನ ಹಳೇ ಫೈಲು ಹುಡುಕಿದೆ. ಆಗ ಡೌನ್‌ಲೋಡ್ ಮಾಡಿದ್ದನ್ನೆಲ್ಲ ಟೆಲಿಫೋನ್ ಬಿಲ್ಲಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ, ಬಿಲ್ಲು ಏರಿದ್ದು ಯಾಕೆ ಅಂತ ನನಗೇ ಗೊತ್ತಾಗಲಿ ಅಂತ. ಪೆನ್ಸಿಲಲ್ಲಿ ಬರೆದ ಒಂದು ಸಾಲು: ‘ಹಾಡು, 4.2 ಎಂಬಿ, 45,333, 14 ನಿಮಿಷ.’ ಪಕ್ಕದಲ್ಲಿ ‘ಓನರ್ ಆಂಟಿ’ ಅಂತ ಬರೆದು ಗೀಟು ಹೊಡೆದ ಸಾಲುಗಳೂ ಇದ್ದವು. ಕೆಳಗೆ ಅವರ ಮನೆಯಲ್ಲಿ ಅದೇ ಲೈನಿನ ಪ್ಯಾರಲಲ್ ಫೋನು. ಅವರು ರಿಸೀವರ್ ಎತ್ತಿದರೆ ಸಾಕು, ಹನ್ನೆರಡನೇ ನಿಮಿಷದಲ್ಲಿದ್ದ ಹಾಡು ನೀರುಪಾಲು. “ಏನಪ್ಪಾ, ಫೋನ್ ಕೊಯ್ಯ್ ಅಂತಿದೆ,” ಅಂತ ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದರು.

45,333 ಅಂದರೆ ಅವತ್ತು ವಿಂಡೋಸ್ ತೋರಿಸಿದ ಕನೆಕ್ಷನ್ ವೇಗ. ವಿ.90 ವೇಗ ಏರುವುದು ಇಳಿಯುವುದು ಸುಮಾರು 1,333 ಬಿಟ್ಟಿನ ಮೆಟ್ಟಿಲಲ್ಲಿ. ಅದಕ್ಕೇ ಇಂಥ ವಿಚಿತ್ರ ಸಂಖ್ಯೆ. ಹುಡುಗ ಎಂಟರಿಂದ ಭಾಗಿಸಿದ: ಸೆಕೆಂಡಿಗೆ 5,667 ಬೈಟು. ಆದರೆ 4.2 ಎಂಬಿಯನ್ನು 14 ನಿಮಿಷಕ್ಕೆ ಹಂಚಿದರೆ 5,240ರ ಆಸುಪಾಸು ಬರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ನನಗೆ ಈ ಲೆಕ್ಕದಲ್ಲಿ ಇಷ್ಟವಾಗುವ ಜಾಗ ಇದೇ. ಆಗಿನ ವಿಂಡೋಸ್ ಡಯಲ್‌ಅಪ್‌ನಲ್ಲಿ ಸಾಮಾನ್ಯವಾಗಿ ಡೇಟಾ 576 ಬೈಟಿನ ತುಂಡು ತುಂಡಾಗಿ ಬರುತ್ತಿತ್ತು, ಆ ತುಂಡೇ ಪ್ಯಾಕೆಟ್ಟು. ಅದರಲ್ಲಿ 40 ಬೈಟು ವಿಳಾಸ, ಕ್ರಮಸಂಖ್ಯೆ ಇತ್ಯಾದಿಗೇ ಹೋಗುತ್ತದೆ. ಹೆಚ್ಚುಕಮ್ಮಿ ನೂರಕ್ಕೆ ಏಳು. 5,667ರಲ್ಲಿ ಅಷ್ಟು ಕಳೆಯಿರಿ, ಬಿಲ್ಲಿನ ಹಿಂದಿನ ಪೆನ್ಸಿಲ್ ಲೆಕ್ಕ ಬಂದು ಕೂರುತ್ತದೆ. ಇಪ್ಪತ್ತು ವರ್ಷದ ಮೇಲೆ ಲೆಕ್ಕ ತಾಳೆಯಾದ ಖುಷಿಗೆ ಇನ್ನೊಂದು ಕಾಫಿ ಕುಡಿದೆ.

ಅಂದಹಾಗೆ, ಈ ಎಂಬಿ 1024ರ ಲೆಕ್ಕದ್ದು, ವಿಂಡೋಸ್ ತೋರಿಸುವಂಥದ್ದು. ಕೆಬಿಪಿಎಸ್‌ನ ಕಿಲೋ ಮಾತ್ರ ಯಾವತ್ತೂ ಬರೀ ಸಾವಿರ. ಎರಡನ್ನೂ ಕಲಸಿದರೆ ಉತ್ತರ ನೂರಕ್ಕೆ ನಾಲ್ಕೈದು ಆಚೀಚೆ ಆಗುತ್ತದೆ.

“ನಿಮ್ಮ 45,333ಕ್ಕಿಂತ ನಮ್ಮನೆ ಫೈಬರ್ 2,200 ಪಟ್ಟು ಫಾಸ್ಟ್!” ಅಂತ ಅವನು ಘೋಷಿಸಿದ. ಸರಿಯೇ, ಆದರೆ ಈ ‘ಪಟ್ಟು’ ಲೆಕ್ಕ ನನಗೆ ರುಚಿಸುವುದಿಲ್ಲ. ವೇಗವನ್ನು ಸಮಯಕ್ಕೆ ತಿರುಗಿಸಿದರೇ ಏನಾದರೂ ಅರ್ಥವಾಗುವುದು. ಆ ಹಾಡು ಅವನ ಮನೆಯಲ್ಲಿ ಅರ್ಧ ಸೆಕೆಂಡೊಳಗೆ ಇಳಿಯುತ್ತದೆ. ಅವನು ಊಟದೊಳಗೆ ಖಾಲಿ ಮಾಡಿದ ಒಂದೂವರೆ ಜಿಬಿ ಇಳಿಸಲು ನನ್ನ ಮೋಡೆಮ್ ಹಗಲೂ ರಾತ್ರಿ ಮೂರೂವರೆ ದಿನ ಕೊಯ್ಯ್ ಅನ್ನಬೇಕಿತ್ತು. ಓನರ್ ಆಂಟಿ ಬಿಡುತ್ತಿದ್ದರೆ ತಾನೆ.

ಆದರೂ ಆಗ ನಾವು ಅಷ್ಟರಲ್ಲೇ ಮೇಲ್ ನೋಡಿದೆವು, ಸುದ್ದಿ ಓದಿದೆವು. ಪುಟಗಳು ಹಗುರ ಇದ್ದವು, ಅಷ್ಟೇ. ಈಗ ಎರಡು ಎಂಬಿಯ ಪುಟಕ್ಕೆ ಅವನ 64ರಲ್ಲಿ ನಾಲ್ಕು ನಿಮಿಷ. ಅಷ್ಟು ಹೊತ್ತು ಕಾಯುವ ತಾಳ್ಮೆ ಎಷ್ಟೋ ಆ್ಯಪ್‌ಗಳಿಗೇ ಇಲ್ಲ. ಬರೀ ಅಕ್ಷರದ ಮೆಸೇಜು ಮಾತ್ರ ಅವನ 64ರಲ್ಲೂ ಟಕ್ಕಂತ ಹೋಗುತ್ತಿತ್ತು.

ಅಕ್ಷರ ಅಂದಮೇಲೆ ಹಳೇ ಕಾಲದ ಮೋಡೆಮ್‌ಗೂ ಲೆಕ್ಕ ಹಾಕಿದೆವು. 1962ರ ಬೆಲ್ 103 ಸೆಕೆಂಡಿಗೆ 300 ಬಿಟ್ಟು ಕಳಿಸುತ್ತಿತ್ತು. ಅದರಲ್ಲಿ ಒಂದೊಂದು ಬೈಟಿಗೂ ಶುರುವಿಗೊಂದು, ಕೊನೆಗೊಂದು ಬಿಟ್ಟು ಹೆಚ್ಚುವರಿ. ಹಾಗಾಗಿ ಇಲ್ಲಿ ಎಂಟರಿಂದಲ್ಲ, ಹತ್ತರಿಂದ ಭಾಗಿಸಬೇಕು: ಸೆಕೆಂಡಿಗೆ 30 ಬೈಟು. ಆಗ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಇರಲಿಲ್ಲ ಬಿಡಿ, ಇದು ತಮಾಷೆಗೆ. ಯೂನಿಕೋಡನ್ನು ಬೈಟಿಗಿಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಅಕ್ಷರ, ಗುಣಿತ, ಒತ್ತಿನ ಕೊಂಡಿ (್) ಎಲ್ಲ ಬೇರೆ ಬೇರೆ ಲೆಕ್ಕ. ‘ತೀರ್ಥಹಳ್ಳಿ’ ಬಿಡಿಸಿ ಎಣಿಸಿದ. ಹತ್ತು ಸಂಕೇತ, 30 ಬೈಟು, ಸರಿಯಾಗಿ ಒಂದು ಸೆಕೆಂಡು. ತಕ್ಷಣ ‘ಬೆಂಗಳೂರು’ ಎಣಿಸಿದ. 24 ಬೈಟು, 0.8 ಸೆಕೆಂಡು.

“ನೋಡಿ ಚಿಕ್ಕಪ್ಪ, ಅದ್ರಲ್ಲೂ ನಮ್ಮೂರೇ ಫಾಸ್ಟು,” ಅಂದ.