ಠರಾವು ಮಾಸ್ತರು

ಸಮಾಜ ವಿಜ್ಞಾನ ಕಲಿಸುತ್ತಿದ್ದ ನಮ್ಮ ಮಾಸ್ತರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಶಾಲೆಯ ದಾಖಲೆಯಲ್ಲಿ ಅವರ ಹೆಸರು ಏನೇ ಇರಲಿ, ಹುಡುಗರ ಬಾಯಲ್ಲಿ ಅವರು ಠರಾವು ಮಾಸ್ತರು. ಠರಾವು ಅಂದರೆ ಸಭೆಯ ನಿರ್ಣಯ. ಪಠ್ಯದಲ್ಲಿದ್ದ ರಾಜರುಗಳೆಲ್ಲ ಮರೆತುಹೋಗಿದ್ದಾರೆ. ಪಠ್ಯದಲ್ಲಿ ಇಲ್ಲದ ಕುಸನೂರು ಮಾತ್ರ ಉಳಿದಿದೆ.

ಹಾನಗಲ್ ತಾಲೂಕಿನ ಆ ಊರಿನ ಕಥೆಯನ್ನು ಅವರು ಪ್ರತಿ ವರ್ಷ ಹೇಳುತ್ತಿದ್ದರು. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯಲ್ಲಿ ಸರ್ಕಾರದ ಅರಣ್ಯ ನಿಗಮಕ್ಕೂ ಹರಿಹರ ಪಾಲಿಫೈಬರ್ಸ್ ಎಂಬ ಖಾಸಗಿ ಕಾರ್ಖಾನೆಗೂ ಪಾಲು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಜಮೀನಿನಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು ಯೋಜನೆ. ಸರ್ಕಾರದ ಕಡತದಲ್ಲಿ ಅದು ಪಾಳು ಭೂಮಿ. ಊರವರಿಗೆ ದನ ಮೇಯುವುದು, ಕಟ್ಟಿಗೆ ಆರಿಸುವುದು, ತಿಪ್ಪೆಗೆ ಸೊಪ್ಪು ತರುವುದು ಎಲ್ಲ ಅಲ್ಲೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನೀಲಗಿರಿಯ ಮುಂದೆ ಸೋತಿತು ಎಂದು ಮಾಸ್ತರು ನಗುತ್ತಿದ್ದರು.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರಲ್ಲಿ ಜನರನ್ನು ಸೇರಿಸಿತು. ಶಿವರಾಮ ಕಾರಂತರು ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಸೇರಿದ್ದು ಸುಮಾರು ಎರಡು ಸಾವಿರ ಜನ, ಕಿತ್ತದ್ದು ನೂರರಷ್ಟು ನೀಲಗಿರಿ ಸಸಿ. ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಅಷ್ಟು ಜನ ಇದ್ದೂ ನೂರಕ್ಕೇ ಕೈ ತಡೆದರಲ್ಲ, ಅದನ್ನೇ ಮಾಸ್ತರು ಮತ್ತೆ ಮತ್ತೆ ಹೇಳುತ್ತಿದ್ದರು. ನವೆಂಬರ್ ನಮ್ಮ ಕಡೆ ಗಿಡ ಹಚ್ಚುವ ಕಾಲವೂ ಅಲ್ಲ. ಮಳೆ ಹೋದ ಮೇಲೆ ಇಟ್ಟ ಸಸಿಗೆ ಮುಂಗಾರಿನವರೆಗೆ ಕೊಡ ಹೊತ್ತು ನೀರು ಹಾಕಬೇಕು. ಹೊಸದಾಗಿ ಆರಿಸಿ ಬಂದಿದ್ದ, ಈಗಿನ ಗ್ರಾಮ ಪಂಚಾಯಿತಿಯಂಥ ಮಂಡಲ ಪಂಚಾಯಿತಿಗಳಲ್ಲಿ ಹಲವು ಕಂಪನಿಯ ವಿರುದ್ಧ ಠರಾವು ಮಾಡಿದವು. 1991ರಲ್ಲಿ ಕಂಪನಿ ಮುಚ್ಚಿತು.

ಈ ಪಾಠ ಕೇಳಿ ಬಿಸಿಯಾದ ಹತ್ತನೆಯ ಇಯತ್ತೆಯ ನಾಲ್ವರು ಒಂದು ರಾತ್ರಿ ಶಾಲೆಯ ಹಿಂದಿನ ನೀಲಗಿರಿ ಸಾಲನ್ನೇ ಕಿತ್ತೆಸೆದರು. ಹೆಡ್‌ಮಾಸ್ತರರು ಬೆತ್ತ ತೆಗೆದರು. ನಮ್ಮ ಮಾಸ್ತರು ಕೇಳಿದ್ದು ಇಷ್ಟೇ: "ಕಿತ್ತೀರಿ, ಸರಿ. ಹಚ್ಚೂದು ಯಾವಾಗ? ಮತ್ತ ರಾತ್ರಿ ಯಾಕ ಬಂದ್ರೋ, ಹಗಲಿ ಹೇಳಿ ಬರಬೇಕಿತ್ತು." ಕಿತ್ತ ಒಂದೊಂದಕ್ಕೂ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ, ಹೊಂಗೆ, ಹುಣಸೆ ಸಸಿ. ಅದರ ಜೊತೆಗೆ, ಯಾಕೆ ಕಿತ್ತೆವು ಎಂಬ ಒಂದು ಠರಾವು. ಗುಂಡಿಗಿಂತ ಠರಾವೇ ಅವರನ್ನು ಹೆಚ್ಚು ಬೆವರಿಸಿತು. ಬರೆದುಕೊಟ್ಟದ್ದನ್ನೆಲ್ಲ ಮಾಸ್ತರು ಹರಿದು ಹರಿದು ವಾಪಸು ಕೊಟ್ಟರು.

ಹರಿಯಲು ಕಾರಣ ಇರುತ್ತಿತ್ತು. "ಗಾಯರಾಣ ಉಳಿಸಲು ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬಂಥ ವಾಕ್ಯ ಅವರಿಗೆ ಆಗದು. ಗಾಯರಾಣ ಅಂದರೆ ಊರ ದನ ಮೇಯುವ ಗೋಮಾಳ. ಯಾರು ಕೈಗೊಳ್ಳಬೇಕು, ಯಾವ ತಾರೀಖಿನೊಳಗೆ? ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬೇಕು, ಉತಾರದ, ಅಂದರೆ ಪಹಣಿಯ, ನಕಲು ಲಗತ್ತಿಸಬೇಕು. ಊರಿನ ದನಗಳ ಎಣಿಕೆಯೂ ಬೇಕು, ಏಕೆಂದರೆ ಭೂಕಂದಾಯ ನಿಯಮದಲ್ಲಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿನ ಜಾಗ ಕಾಯ್ದಿಡಬೇಕೆಂದಿದೆ. ಆ ಎಣಿಕೆ ಇಲ್ಲದ ಠರಾವನ್ನು ತಹಶೀಲ್ದಾರ ಕಚೇರಿ ಪಕ್ಕಕ್ಕಿಡುತ್ತದೆ. ಕೊನೆಯಲ್ಲಿ ಸೂಚಕರು, ಅನುಮೋದಕರು, ಪ್ರತಿ ಯಾರಿಗೆ ಎಂಬುದು. ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಬೇಕು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಬೇಕು, ಸಹಿ ಅದರ ಕೆಳಗೆ. ನಡುವೆ ಖಾಲಿ ಜಾಗ ಬಿಟ್ಟರೆ ಮರುದಿನ ಅಲ್ಲಿ ಯಾರದೋ ಮನೆಯ ಮುಂದಿನ ಗಟಾರ ಬಂದು ಕೂರುತ್ತದೆ.

ಗ್ರಾಮಸಭೆ ಕೆಡುವುದೂ ಹೀಗೆಯೇ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರಲ್ಲಿ ಹತ್ತರಲ್ಲೊಂದು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ನೂರಕ್ಕೆ 30 ಹೆಂಗಸರಿರಬೇಕು. ನಾಟಿ, ಕಳೆ ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ಗಂಡಸರೂ ಬರುವುದಿಲ್ಲ, ಹೆಂಗಸರೂ ಬರುವುದಿಲ್ಲ. ಆಮೇಲೆ ಹಾಜರಿ ಪುಸ್ತಕ ಮನೆಮನೆಗೆ ಸಹಿಗೆ ಹೊರಡುತ್ತದೆ. ಸಭೆಯನ್ನೇ ಕರೆಯದಿದ್ದರೆ ಶೇಕಡಾ ಹತ್ತರಷ್ಟು ಮತದಾರರು ವಿಷಯ ನಮೂದಿಸಿ ವಿಶೇಷ ಸಭೆ ಕೇಳಬಹುದು. ಸಹಿಯ ಪಕ್ಕ ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆಸುವುದು ಒಳ್ಳೆಯದು, ಇಲ್ಲವಾದರೆ ಎಣಿಕೆಯಲ್ಲೇ ತಕರಾರು ತೆಗೆಯುತ್ತಾರೆ. ಹೇಳಿಕೊಳ್ಳಬಾರದು, ಆದರೂ ನಮ್ಮ ಪಂಚಾಯಿತಿಯಲ್ಲಿ ತಕರಾರಿನ ಠರಾವು ಬಂದರೆ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಂದಿಗೂ ಪೆನ್ನನ್ನು ನನ್ನ ಕಡೆಗೇ ಚಾಚುತ್ತಾರೆ.

ಈಗಿನ ಶಾಲೆಗಳಲ್ಲಿ ಅಣಕು ಸಂಸತ್ತು ನಡೆಯುತ್ತದೆ. ಬಾಡಿಗೆ ಕೋಟು, ಬಾಯಿಪಾಠದ ಭಾಷಣ, ಫೋಟೊ. ಮಕ್ಕಳ ಗ್ರಾಮಸಭೆಯೂ ಇದೆ, ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಹೆಣ್ಣುಮಕ್ಕಳು ಶೌಚಾಲಯಕ್ಕೆ ನೀರು ಕೇಳಿದರೆ "ಪರಿಶೀಲಿಸಲಾಗುವುದು" ಎಂದು ಬರೆದು ಚಾಕೊಲೇಟ್ ಹಂಚುತ್ತಾರೆ. ಶಿಕ್ಷಕರು ಬೇರೇನೂ ಮಾಡಬೇಕಾಗಿಲ್ಲ. ಈ ಸಲದ ಸಭೆ ಶುರುವಾಗುವ ಮೊದಲು ಹೋದ ವರ್ಷದ ನಡಾವಳಿ ತರಿಸಿ, ಯಾವ ಬೇಡಿಕೆಗೆ ಏನಾಯಿತು ಎಂದು ಸಾಲು ಸಾಲಾಗಿ ಒಬ್ಬ ಹುಡುಗಿಯಿಂದ ಓದಿಸಲಿ.